‘ಲಾರ್ಡ್’ ಪದದ ಹುಟ್ಟು ಮತ್ತು ನಮ್ಮ ಪ್ರಬೋಧನೆ

ಪರಮಪ್ರಸಾದವನ್ನು ಕುರಿತು ಪ್ರಬೋಧನೆ ಸಿದ್ಧಪಡಿಸುವವರಿಗೆ ಆಂಗ್ಲ ಕೈಪಿಡಿಗಳು ಒದಗಿಸುವ ಒಂದು ಸುಲಭ ಸಾಮಗ್ರಿಯುಂಟು. ‘ಲಾರ್ಡ್’ ಎಂಬ ಪದದ ಮೂಲಾರ್ಥ ‘ರೊಟ್ಟಿಯ ಕಾವಲುಗಾರ’. ಆದುದರಿಂದ ಯೇಸುವನ್ನು ಆ ಹೆಸರಿನಿಂದ ಕರೆಯುವಾಗಲೆಲ್ಲ ಅವರೇ ಜೀವದ ರೊಟ್ಟಿಯೆಂದು ನಾವು ಅರಿಯದೆಯೇ ಸಾರುತ್ತಿರುತ್ತೇವೆ ಎಂಬುದು ಅದರ ಸಾರ. ಕೇಳಲು ಇಂಪಾದ ಮಾತು. ಹೊಸದಾಗಿ ಗುರುದೀಕ್ಷೆ ಪಡೆದ ದಿನಗಳಲ್ಲಿ ನಾವೂ ಇದನ್ನು ಬಳಸಿದ್ದೇವೆ. ಯಾರೂ ಆಕ್ಷೇಪಿಸದಿದ್ದುದರಿಂದ ಅದು ಸರಿಯೆಂದೇ ಬಗೆದಿದ್ದೆವು.

ಆಕ್ಷೇಪ ಬಂದದ್ದು ಕೊಟ್ಟೂರಿನ ಆಚೆಯ ಒಂದು ಹಳ್ಳಿಯಲ್ಲಿ. ರಜೆಯ ಸೇವಾಭ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮ ಗುರುಮಠದ ವಿದ್ಯಾರ್ಥಿಯೊಬ್ಬರು ಸಂಜೆಯ ಪ್ರಾರ್ಥನಾಕೂಟದಲ್ಲಿ ಈ ವ್ಯುತ್ಪತ್ತಿಯನ್ನು ವಿವರಿಸಿ, ‘ರೊಟ್ಟಿಯನ್ನು ಕಾಯ್ದು ಹಂಚುವವನೇ ಪ್ರಭು’ ಎಂದು ಮುಗಿಸಿದರು. ನಾವು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಅವರ ಬಳಿ ಬಂದು, ಯಾವ ಕೊಂಕೂ ಇಲ್ಲದ ದನಿಯಲ್ಲಿ ಕೇಳಿದರು: “ಯಪ್ಪಾ, ಹಂಗಾರ ಬರದಾಗ ಹಗೇವು ತೆಗದು ನಮಗ ಜ್ವಾಳ ಅಳದು ಕೊಡ್ತಿದ್ನಲ್ಲ, ಆ ಧಣಿನೂ ಪ್ರಭುನ ಆದ್ನಲ್ಲ? ಆ ಜ್ವಾಳಕ್ಕ ನಮ್ಮಣ್ಣ ಆರು ವರ್ಷ ಜೀತ ಇದ್ದ.”

ವಿದ್ಯಾರ್ಥಿ ನಮ್ಮ ಕಡೆ ನೋಡಿದರು. ಆ ಕ್ಷಣಕ್ಕೆ ನಮ್ಮಲ್ಲಿಯೂ ಉತ್ತರವಿರಲಿಲ್ಲ. ಪ್ರಶ್ನೆ ಭಾಷಾಶಾಸ್ತ್ರದ್ದಾಗಿ ಕಂಡರೂ ಅದರೊಳಗಿದ್ದುದು ಕ್ರಿಸ್ತಶಾಸ್ತ್ರ.

ಮೊದಲು ಪದದ ಇತಿಹಾಸವನ್ನೇ ನೋಡೋಣ. ವ್ಯುತ್ಪತ್ತಿ ಸುಳ್ಳಲ್ಲ. ಪ್ರಾಚೀನ ಆಂಗ್ಲ ಭಾಷೆಯಲ್ಲಿ ‘ಹ್ಲಾಫ್’ ಎಂದರೆ ರೊಟ್ಟಿ, ‘ವೆಅರ್ಡ್’ ಎಂದರೆ ಕಾಯುವವನು. ‘ಹ್ಲಾಫ್‌ವೆಅರ್ಡ್’ ಸವೆದು ‘ಹ್ಲಾಫೋರ್ಡ್’ ಆಯಿತು. ಅದು ಇನ್ನಷ್ಟು ಸವೆದು ‘ಲವೆರ್ಡ್’ ಆಗಿ, ಕೊನೆಗೆ ಒಂದೇ ಉಸಿರಿನ ‘ಲಾರ್ಡ್’ ಆಯಿತು. ‘ಲೇಡಿ’ ಎಂಬುದೂ ಇದೇ ಮನೆಯ ಪದ. ಅದರ ಮೂಲ ‘ರೊಟ್ಟಿಯ ಹಿಟ್ಟು ನಾದುವವಳು’. ಆಗಸ್ಟ್ ಒಂದರಂದು ಹೊಸ ಗೋಧಿಯ ರೊಟ್ಟಿಯನ್ನು ಬಲಿಪೀಠಕ್ಕೆ ತರುತ್ತಿದ್ದ ಹಬ್ಬಕ್ಕೆ ‘ಲ್ಯಾಮಸ್’ ಎಂಬ ಹೆಸರು ಬಂದದ್ದೂ ಈ ‘ಹ್ಲಾಫ್’ನಿಂದಲೇ. ಕೈಪಿಡಿಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಆ ಮನೆಯಲ್ಲಿ ಮೂರನೆಯ ಸದಸ್ಯನೊಬ್ಬನಿದ್ದಾನೆ. ಆತನನ್ನು ಅವು ಪರಿಚಯಿಸುವುದಿಲ್ಲ. ಕ್ರಿ.ಶ. 600ರ ಸುಮಾರಿನ, ಕೆಂಟ್ ಪ್ರಾಂತ್ಯದ ಅರಸ ಎಥೆಲ್‌ಬರ್ಟ್‌ನ ಕಾನೂನಿನಲ್ಲಿ ‘ಹ್ಲಾಫ್‌ಎಟ’, ಅಂದರೆ ‘ರೊಟ್ಟಿ ತಿನ್ನುವವನು’ ಎಂಬ ಪದವಿದೆ. ಅರ್ಥ, ಮನೆಯಾಳು. ಅಂಥವನನ್ನು ಯಾರಾದರೂ ಕೊಂದರೆ ಆತನ ಯಜಮಾನನಿಗೆ ಆರು ಶಿಲಿಂಗ್ ತೆರಬೇಕೆಂದು ಕಾನೂನು ವಿಧಿಸುತ್ತದೆ. ಪರಿಹಾರ ಹೋಗುವುದು ಸತ್ತವನ ಹೆಂಡತಿಮಕ್ಕಳಿಗಲ್ಲ, ರೊಟ್ಟಿ ಕೊಟ್ಟವನಿಗೆ. ರೊಟ್ಟಿಯನ್ನು ಕಾಯುವವನು ಇದ್ದಲ್ಲಿ ಅದನ್ನು ತಿಂದು ಅಧೀನನಾಗುವವನೂ ಇರಲೇಬೇಕು. ನಮ್ಮ ತಾಯಿ ಕೇಳಿದ್ದು ಇದನ್ನೇ. ಎಥೆಲ್‌ಬರ್ಟ್‌ನ ಹೆಸರು ಕೇಳದೆಯೇ ಅವರು ಆತನ ಕಾನೂನನ್ನು ಬಲ್ಲವರಾಗಿದ್ದರು.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದಿದೆ. ಸವೆಯದ ಪೂರ್ಣರೂಪವಾದ ‘ಹ್ಲಾಫ್‌ವೆಅರ್ಡ್’ ಇಂದು ನಮಗೆ ದೊರೆಯುವುದು ಕೀರ್ತನೆಗಳ ಪ್ರಾಚೀನ ಆಂಗ್ಲ ಪದ್ಯಾನುವಾದವೊಂದರಲ್ಲಿ. ಪ್ಯಾರಿಸ್ಸಿನಲ್ಲಿ ಉಳಿದುಬಂದಿರುವ ಹಸ್ತಪ್ರತಿಯದು. ಅಲ್ಲಿ ಅದು ದೇವರಿಗಾಗಲಿ ಅರಸನಿಗಾಗಲಿ ಬಳಕೆಯಾಗಿಲ್ಲ, ಯೋಸೇಫನಿಗೆ ಬಳಕೆಯಾಗಿದೆ. ನಮ್ಮ ಎಣಿಕೆಯ 105ನೆಯ ಕೀರ್ತನೆಯಲ್ಲಿ, ಈಜಿಪ್ಟಿನ ಅರಸನು ಯೋಸೇಫನನ್ನು ತನ್ನ ಮನೆಗೆ ಅಧಿಕಾರಿಯನ್ನಾಗಿ ನೇಮಿಸಿದನೆಂಬ ಸ್ಥಳದಲ್ಲಿ, ಅನುವಾದಕನಿಗೆ ಹೊಳೆದ ಪದ ‘ರೊಟ್ಟಿಯ ಕಾವಲುಗಾರ’. ಎಷ್ಟು ಸರಿಯಾಗಿ ಹೊಳೆದಿದೆ! ಏಳು ವರ್ಷ ಧಾನ್ಯ ಕೂಡಿಟ್ಟು ಏಳು ವರ್ಷ ಅಳೆದು ಕೊಟ್ಟವನಲ್ಲವೇ ಯೋಸೇಫ. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ಕೊನೆಯವರೆಗೆ ಓದುವವರು ನಮ್ಮಲ್ಲಿ ಕಡಿಮೆ. ಜನರು ಮೊದಲು ಹಣ ಕೊಟ್ಟು ಧಾನ್ಯ ಕೊಂಡರು. ಹಣ ತೀರಿದಾಗ ದನಕರು ಕೊಟ್ಟರು. ಅದೂ ತೀರಿದಾಗ ಹೊಲಗಳನ್ನೂ ತಮ್ಮ ದೇಹಗಳನ್ನೂ ಫರೋಹನಿಗೆ ಮಾರಿಕೊಂಡರು. ಪ್ರಾಣ ಉಳಿಸಿದ್ದಕ್ಕೆ ಕೃತಜ್ಞತೆ ಹೇಳಿದ ಬಾಯಿಂದಲೇ ಗುಲಾಮರಾಗಲು ಒಪ್ಪಿದರು. ನಾಲ್ಕು ಹೆಜ್ಜೆಗಳಲ್ಲಿ ಮುಗಿಯುವ ಈ ವ್ಯವಹಾರವನ್ನು ಪವಿತ್ರ ಗ್ರಂಥವು ಖಂಡಿಸುವುದೂ ಇಲ್ಲ, ಹೊಗಳುವುದೂ ಇಲ್ಲ, ದಾಖಲಿಸುತ್ತದೆ, ಅಷ್ಟೆ. ಮುಂದಿನ ಗ್ರಂಥವೇ ವಿಮೋಚನಾಕಾಂಡವೆಂಬುದನ್ನು ಮರೆಯಬಾರದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಜನರಿಗೆ ಈ ನಾಲ್ಕು ಹೆಜ್ಜೆಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಮಳೆಯನ್ನೇ ನಂಬಿದ ಜೋಳ, ಶೇಂಗಾ, ನವಣೆಯ ಹೊಲಗಳು. ಮಳೆ ತಪ್ಪಿದರೆ ಗುಳೆ. 1976ರ ಜೀತ ನಿರ್ಮೂಲನ ಕಾಯಿದೆಗೂ ಮೊದಲಿನ ಭೂಸುಧಾರಣೆಗೂ ಹಿಂದಿನ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ನೆಲಮಾಳಿಗೆಯಂತಿದ್ದ ಹಗೇವಿನ ಬಾಯಿ ಯಾವಾಗ ತೆರೆಯಬೇಕು, ಯಾರಿಗೆ ಎಷ್ಟು ಸೇರು, ಯಾವ ಷರತ್ತಿಗೆ ಎಂಬುದನ್ನು ನಿರ್ಧರಿಸುವವನು ಅಕ್ಷರಶಃ ‘ಹ್ಲಾಫ್‌ವೆಅರ್ಡ್’ ಆಗಿದ್ದನು. ಆತನನ್ನು ಧಣಿ ಎಂದರು, ಗೌಡರೆಂದರು, ಕೆಲವೊಮ್ಮೆ ದೇವರೆಂದೂ ಕರೆದರು.

ಇನ್ನು ‘ಲಾರ್ಡ್’ ಎಂಬ ಪದವೇ ಈ ಸೀಮೆಗೆ ಬಂದ ಬಗೆಯೂ ನೆನಪಿಗೆ ಬರುತ್ತದೆ. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು, ದತ್ತಮಂಡಲವೆಂದು ಹೆಸರಾಯಿತು. ಥಾಮಸ್ ಮನ್ರೋ ಹರಪನಹಳ್ಳಿಯಂಥ ಪಾಳೆಯಪಟ್ಟುಗಳ ಅಧಿಕಾರವನ್ನು ಬದಿಗಿಟ್ಟು ನೇರವಾಗಿ ರೈತನೊಡನೆ ಕಂದಾಯದ ಲೆಕ್ಕ ಇರಿಸಿದನು. ಹಳೆಯ ದೊರೆಗಳು ಹೋದರು, ಹೊಸ ‘ಲಾರ್ಡು’ಗಳು ಬಂದರು. ಧಾತು ಸಂವತ್ಸರದ ಬರ, ಅಂದರೆ 1876ರಿಂದ 78ರವರೆಗಿನ ಮಹಾಕ್ಷಾಮ, ಬಳ್ಳಾರಿ ಜಿಲ್ಲೆಯನ್ನು ಮೇಯ್ದುಬಿಟ್ಟಿತು. ಅದೇ ಕಾಲದಲ್ಲಿ, 1877ರ ಜನವರಿ ಒಂದರಂದು, ವೈಸರಾಯ್ ಲಾರ್ಡ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದನು. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದನು. ರೊಟ್ಟಿಯ ಕಾವಲುಗಾರ ಎಂಬ ಬಿರುದು ಹೊತ್ತವರು ರೊಟ್ಟಿಯನ್ನು ಇಷ್ಟು ಕಟ್ಟುನಿಟ್ಟಾಗಿ ಕಾಯ್ದದ್ದು ಇತಿಹಾಸದಲ್ಲಿ ಅಪರೂಪ. ಆಡುಮಾತಿನಲ್ಲಿ ಆ ಬಿರುದು ‘ಲಾಟ್ ಸಾಹೇಬ’ನಾಗಿ, ಹಮ್ಮಿನ ಮನುಷ್ಯನನ್ನು ಗೇಲಿ ಮಾಡುವ ಪದವಾಗಿ ಉಳಿಯಿತು. ನ್ಯಾಯಾಲಯಗಳಲ್ಲಿ ಅದು ಇನ್ನೂ ಗಾಂಭೀರ್ಯದಿಂದ ಕೇಳಿಬರುತ್ತದೆ. 2006ರಲ್ಲಿಯೇ ಭಾರತೀಯ ವಕೀಲರ ಪರಿಷತ್ತು ‘ಮೈ ಲಾರ್ಡ್’ ಬೇಡವೆಂದು ನಿರ್ಣಯಿಸಿದ್ದರೂ ನಾಲಿಗೆ ಬಿಡಲೊಲ್ಲದು.

ಕ್ಷಾಮಕಾಲದ ಗಂಜಿಯ ವಿಷಯದಲ್ಲಿ ನಾವೂ ತಲೆ ತಗ್ಗಿಸಬೇಕಾದ ಭಾಗವಿದೆ. ಹಸಿದವರಿಗೆ ಗಂಜಿ ಹಾಕಿದ ಸಭೆಗಳು ಪುಣ್ಯದ ಕೆಲಸವನ್ನೇ ಮಾಡಿದವು, ಅದರಲ್ಲಿ ಸಂದೇಹವಿಲ್ಲ. ಆದರೆ ಗಂಜಿ ಉಂಡವರು ಆಮೇಲೂ ನಮ್ಮ ಮುಂದೆ ಕೈಕಟ್ಟಿ ನಿಂತಾಗ, ಆ ಕೈಗಳನ್ನು ಬಿಡಿಸಲು ನಾವು ಅವಸರಪಡಲಿಲ್ಲ.

ದೈವಶಾಸ್ತ್ರದ ಪ್ರಶ್ನೆಗೆ ಬರೋಣ. ರೊಟ್ಟಿಯ ವ್ಯುತ್ಪತ್ತಿಯು ಯೇಸುವಿನ ಪ್ರಭುತ್ವವನ್ನು ಕುರಿತು ಏನನ್ನಾದರೂ ಹೇಳುತ್ತದೆಯೇ? ಖಂಡಿತವಾಗಿ ಇಲ್ಲ. ಜೇಮ್ಸ್ ಬಾರ್ 1961ರಲ್ಲಿ ಪ್ರಕಟಿಸಿದ, ಬೈಬಲ್ ಭಾಷೆಯ ಅರ್ಥವಿಚಾರವನ್ನು ಕುರಿತ ಗ್ರಂಥದಲ್ಲಿ ಇಂಥ ವಾದಗಳ ಬೇರನ್ನೇ ಕಿತ್ತರು. ಪದದ ಅರ್ಥವಿರುವುದು ಅದರ ಬೇರಿನಲ್ಲಲ್ಲ, ಅದು ನಿಂತ ವಾಕ್ಯದಲ್ಲಿ ಎಂಬುದು ಅವರ ವಾದ. ಅವರು ಹೀಬ್ರು ಮತ್ತು ಗ್ರೀಕ್ ಪದಗಳ ಬೇರು ಅಗೆಯುವವರನ್ನು ಟೀಕಿಸಿದ್ದರು. ನಮ್ಮ ಕೈಪಿಡಿಗಳದು ಇನ್ನೂ ಒಂದು ಹೆಜ್ಜೆ ಮುಂದೆ ಹೋದ ತಪ್ಪು. ಅವು ಅಗೆಯುವುದು ಬೈಬಲಿನ ಪದದ ಬೇರನ್ನೂ ಅಲ್ಲ, ಅದರ ಅನುವಾದದ ಬೇರನ್ನು. ಸಂತ ಪೌಲರು ಬಳಸಿದ ‘ಕ್ಯೂರಿಯೋಸ್’ ಪದದಲ್ಲಿ ರೊಟ್ಟಿಯ ಚೂರೂ ಇಲ್ಲ. ಅದರ ಹಿಂದಿರುವುದು ಅಧಿಕಾರ, ಬಲ. ಲತೀನಿನ ‘ದೋಮಿನುಸ್’ ಮನೆಯ ಪದ. ಹೀಬ್ರು ಭಾಷೆಯ ‘ಅದೋನಾಯ್’, ಉಚ್ಚರಿಸಬಾರದ ನಾಮಕ್ಕೆ ಬದಲಾಗಿ ಬಾಯಿಗೆ ಬಂದ ಪದ. ಆ ನಾಮವನ್ನು ಆರಾಧನೆಯಲ್ಲಿ ಉಚ್ಚರಿಸದೆ ‘ಕ್ಯೂರಿಯೋಸ್’ಗೆ ಸಮಾನವಾದ ದೇಶಭಾಷಾಪದವನ್ನೇ ಬಳಸಬೇಕೆಂದು 2008ರಲ್ಲಿ ರೋಮಿನ ದೈವಾರಾಧನಾ ವಿಭಾಗವು ನೆನಪಿಸಿದ್ದು ಈ ಪರಂಪರೆಯ ಮುಂದುವರಿಕೆ.

ಆಂಗ್ಲರೇ ಆದರೂ ಮೊದಲಿಗೆ ದೇವರನ್ನು ‘ಹ್ಲಾಫೋರ್ಡ್’ ಎಂದು ಹೆಚ್ಚಾಗಿ ಕರೆಯಲಿಲ್ಲ. ಅವರ ಆದ್ಯ ಕವಿ ಕ್ಯಾಡ್ಮನ್ ಬಳಸಿದ ಪದ ‘ಡ್ರಿಹ್ಟೆನ್’, ಅಂದರೆ ಯೋಧರ ಪಡೆಯ ನಾಯಕ. ಪಡೆಗಳ ಕಾಲ ಕಳೆದಂತೆ ಆ ಪದ ಹಿಂದೆ ಸರಿದು, ಮನೆಯೊಡೆಯನ ಪದ ಅದರ ಸ್ಥಾನಕ್ಕೆ ಬಂದಿತು. ಆ ಹೊತ್ತಿಗೆ ‘ಲಾರ್ಡ್’ ಎಂದಾಗ ರೊಟ್ಟಿ ಯಾರ ನೆನಪಿಗೂ ಬರುತ್ತಿರಲಿಲ್ಲ.

ಕನ್ನಡದ ಸ್ಥಿತಿಯೇನು? ನಮ್ಮ ಭಾಷೆಗೆ ಇಡೀ ಬೈಬಲನ್ನು ತಂದ ಮೊದಲ ಪ್ರಯತ್ನ ನಡೆದದ್ದು ಈ ಸೀಮೆಯ ನೆರಳಿನಲ್ಲಿಯೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರ ವಿಲಿಯಂ ರೀವ್ ಆ ಕೆಲಸ ಹೊತ್ತವರು. ರೀವ್ ಅದರ ಜೊತೆಗೆ ನಿಘಂಟುಗಳನ್ನೂ ರಚಿಸಿದರು. ಅಲ್ಲಿಂದ ಹಲವು ಪರಿಷ್ಕರಣೆಗಳನ್ನು ದಾಟಿ ಬಂದ ಪ್ರೊಟೆಸ್ಟೆಂಟ್ ಸಭೆಗಳ ಸತ್ಯವೇದದಲ್ಲಿ ಯೇಸು ‘ಕರ್ತನು’. ಕಥೋಲಿಕರು ಬಳಸುವ ಅನುವಾದದಲ್ಲಿ ‘ಪ್ರಭು’, ‘ಸ್ವಾಮಿ’. ಹಳೆಯ ಒಡಂಬಡಿಕೆಯ ನಾಮಕ್ಕೆ ‘ಸರ್ವೇಶ್ವರ’. ಈ ಪದಗಳನ್ನು ಒಂದೊಂದಾಗಿ ಕುಟ್ಟಿ ನೋಡಿದರೆ ಬೇರೆ ಬೇರೆ ನಾದ ಬರುತ್ತದೆ. ‘ಕರ್ತ’ ಎಂದರೆ ಮಾಡುವವನು, ವ್ಯಾಕರಣದ ಕರ್ತೃವಿನ ಬಂಧು; ಒಡೆತನದ ಸೂಚನೆ ಅದರಲ್ಲಿಲ್ಲ. ‘ಸ್ವಾಮಿ’ಯಲ್ಲಿರುವುದು ‘ಸ್ವ’, ತನ್ನದು ಎಂಬ ಭಾವ. ಅಚ್ಚ ಕನ್ನಡದ ‘ಒಡೆಯ’ನೂ ‘ಒಡವೆ’ಯೂ ಒಂದೇ ಬಳ್ಳಿಯ ಕಾಯಿಗಳು, ಅಲ್ಲಿಯೂ ಆಸ್ತಿಯದೇ ಮಾತು. ‘ಧಣಿ’ಯಲ್ಲಿ ಧನ ಕುಳಿತಿದೆ. ‘ಯಜಮಾನ’ ಎಂಬುದು ಇವೆಲ್ಲಕ್ಕಿಂತ ವಿಚಿತ್ರ: ತನ್ನ ಖರ್ಚಿನಲ್ಲಿ ಯಜ್ಞ ಮಾಡಿಸುವವನು ಎಂಬ ಅರ್ಥದಿಂದ ಹೊರಟು ಮನೆಯ ಹಿರಿಯನ ಮೇಲೆ ಬಂದು ನಿಂತಿದೆ. ಹಿಬ್ರಿಯರಿಗೆ ಬರೆದ ಪತ್ರವನ್ನು ಬೋಧಿಸುವಾಗ ಈ ಪದ ನಮ್ಮನ್ನು ಬಹಳ ಸೆಳೆದಿತ್ತು. ಆದರೆ ಅದು ಬಾರ್ ಅವರು ಎಚ್ಚರಿಸಿದ ಹೊಂಡವೇ, ಕಾಲು ಹಿಂದೆಗೆದೆವು.

ಎರಡು ಅನುವಾದಗಳ ನಡುವೆ ಇನ್ನೂ ಮುಖ್ಯವಾದ ವ್ಯತ್ಯಾಸವಿರುವುದು ಕ್ರಿಯಾಪದದಲ್ಲಿ. ಹಳೆಯದರಲ್ಲಿ ಯೇಸು ‘ಹೇಳಿದನು’, ನಮ್ಮದರಲ್ಲಿ ‘ಹೇಳಿದರು’. ಗೌರವದ ಬಹುವಚನ ಹಿತವಾಗಿದೆ, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೂ ಒಂದು ನಷ್ಟವನ್ನು ಒಪ್ಪಬೇಕು. ಏಕವಚನದಲ್ಲಿ ದೇವರನ್ನು ಕರೆಯುವ ಭಕ್ತಿಯ ಸಲಿಗೆ ಕನ್ನಡದಲ್ಲಿ ಬಸವಣ್ಣನವರ ಕಾಲದಿಂದಲೂ ಉಂಟು. ಧಣಿಯನ್ನಾದರೋ ಏಕವಚನದಲ್ಲಿ ಎದುರುಗೊಂಡವರು ಯಾರೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ರೊಟ್ಟಿಗೂ ಪ್ರಭುತ್ವಕ್ಕೂ ಶುಭಸಂದೇಶದಲ್ಲಿ ಸಂಬಂಧವೇ ಇಲ್ಲವೆಂದು ತೀರ್ಮಾನಿಸಬಾರದು. ಸಂಬಂಧವಿದೆ, ಅದು ಪದದ ಬೇರಿನಲ್ಲಿಲ್ಲ, ಕಥೆಯಲ್ಲಿದೆ. ಮತ್ತಾಯನ 15ನೆಯ ಅಧ್ಯಾಯದಲ್ಲಿ ಕಾನಾನ್ ನಾಡಿನ ತಾಯಿ ಯೇಸುವನ್ನು ‘ಕ್ಯೂರಿಯೆ’ ಎಂದು ಕರೆದು, ಅದೇ ಉಸಿರಿನಲ್ಲಿ ನಾಯಿಗಳೂ ತಮ್ಮ ‘ಕ್ಯೂರಿಯೋಸ್’ರ ಮೇಜಿನಿಂದ ಬೀಳುವ ಚೂರನ್ನು ತಿನ್ನುತ್ತವೆಂದು ನೆನಪಿಸುತ್ತಾಳೆ. ಗ್ರೀಕಿನಲ್ಲಿ ಎರಡೂ ಒಂದೇ ಪದ. ಆಂಗ್ಲದ 1611ರ ಅನುವಾದ ಯೇಸುವಿಗೆ ‘ಲಾರ್ಡ್’ ಎಂದೂ ನಾಯಿಗಳ ಒಡೆಯರಿಗೆ ‘ಮಾಸ್ಟರ್’ ಎಂದೂ ಬೇರ್ಪಡಿಸಿತು. ಕನ್ನಡದಲ್ಲಿಯೂ ಒಂದೇ ಪದದಿಂದ ಎರಡನ್ನೂ ಹೇಳಲು ಅನುವಾದಕನ ಕೈ ಅಳುಕುತ್ತದೆ. ಹೀಗೆ ಬೇರ್ಪಡಿಸಿದಾಗ ಆಕೆಯ ವಾದದ ಮೊನೆ ಮುರಿಯುತ್ತದೆ: ‘ನೀನೂ ಒಬ್ಬ ಒಡೆಯನಾದರೆ, ನಿನ್ನ ಮೇಜಿನ ಕೆಳಗೆ ಏನು ಬೀಳುತ್ತದೆ ನೋಡೋಣ’ ಎಂಬುದು ಆಕೆಯ ಸವಾಲು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯನ್ನು ಕಂಡವರಿಗೆ ಈ ಪ್ರಸಂಗ ಬೇರೆಯಾಗಿಯೇ ಕೇಳಿಸುತ್ತದೆ. ಅಲ್ಲಿ ಗೊರವರು ತಾವು ಮೈಲಾರಲಿಂಗನ ನಾಯಿಗಳೆಂದು ಹೇಳಿಕೊಂಡು, ಭಕ್ತರು ದೋಣಿಯಲ್ಲಿ ತುಂಬಿದ ಹಾಲು ಹಣ್ಣುಗಳನ್ನು ಬೊಗಳುತ್ತ ತಿನ್ನುವ ಸೇವೆಯುಂಟು. ಇದರಲ್ಲಿ ಅವಮಾನವನ್ನು ಮಾತ್ರ ಕಾಣುವವರಿದ್ದಾರೆ. ನಮಗೆ ಅದರಲ್ಲಿ ಹಕ್ಕಿನ ದನಿಯೂ ಕೇಳಿಸುತ್ತದೆ: ನಾಯಿಯಾದರೂ ಈ ಮನೆಯದು.

ಆದರೆ ನಿರ್ಣಾಯಕ ಸ್ಥಳ ಲೂಕನ 12ನೆಯ ಅಧ್ಯಾಯ. 42ನೆಯ ವಚನದಲ್ಲಿ, ಹೊತ್ತಿಗೆ ಸರಿಯಾಗಿ ಆಳುಗಳಿಗೆ ಧಾನ್ಯದ ಪಾಲನ್ನು ಅಳೆದು ಕೊಡುವ ಮೇಲ್ವಿಚಾರಕ ಬರುತ್ತಾನೆ. ಆತ ಪಕ್ಕಾ ‘ಹ್ಲಾಫ್‌ವೆಅರ್ಡ್’, ಯೋಸೇಫನ ವಂಶದವನು. ಅದಕ್ಕೆ ಐದು ವಚನ ಹಿಂದೆ ‘ಕ್ಯೂರಿಯೋಸ್’ ಸ್ವತಃ ಮದುವೆಯಿಂದ ಮರಳಿ ಬಂದು, ನಡುಕಟ್ಟಿಕೊಂಡು, ಎಚ್ಚರವಾಗಿದ್ದ ಆಳುಗಳನ್ನು ಊಟಕ್ಕೆ ಕೂರಿಸಿ ತಾನೇ ಬಡಿಸುತ್ತಾನೆ. ಯಾವ ಹಳ್ಳಿಯ ಧಣಿಯೂ ಮಾಡದ ಕೆಲಸ. ಮೇಲ್ವಿಚಾರಕನು ಅಳೆಯುತ್ತಾನೆ, ಪ್ರಭುವು ಬಡಿಸುತ್ತಾನೆ. ಆ ತಾಯಿಗೆ ನಾವು ಕೊಡಬೇಕಾಗಿದ್ದ ಉತ್ತರ ಇದು: ನಿಮಗೆ ಜೋಳ ಅಳೆದವನು ಪ್ರಭುವಲ್ಲ, ಏಕೆಂದರೆ ಆತ ಕೊಟ್ಟದ್ದನ್ನು ಲೆಕ್ಕ ಬರೆದಿಟ್ಟ. ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ: ದಾಸನ ರೂಪ ತಾಳಿದವನಿಗೇ ‘ಕ್ಯೂರಿಯೋಸ್’ ಎಂಬ ನಾಮ ದೊರೆತದ್ದು.

ಇದಕ್ಕೆ ಕನ್ನಡದಲ್ಲಿ ಪದವಿಲ್ಲವೇ ಎಂದು ಹುಡುಕುವವರು ದೂರ ಹೋಗಬೇಕಾಗಿಲ್ಲ. ಗುರುಬಸವೇಶ್ವರರ ರಥೋತ್ಸವಕ್ಕೆ ಕಾಲ್ನಡಿಗೆಯಲ್ಲಿ ಬರುವವರಿಗೆ ಕೊಟ್ಟೂರಿನ ದಾರಿಗಳುದ್ದಕ್ಕೂ ಅನ್ನ ನೀಡುವ ಕಾರ್ಯಕ್ಕೆ ಜನ ಇಟ್ಟಿರುವ ಹೆಸರು ದಾಸೋಹ. ‘ನಾನು ದಾಸ’ ಎಂದು ಆ ಪದವನ್ನು ಬಿಡಿಸುತ್ತಾರೆ. ಹಾಗೆ ಬಿಡಿಸುವುದಕ್ಕೂ ಬಾರ್ ಅವರ ಎಚ್ಚರಿಕೆ ಅನ್ವಯಿಸುತ್ತದೆ ಎಂಬುದನ್ನು ಬಲ್ಲೆವು. ಆದರೆ ಇಲ್ಲಿ ಸಾಕ್ಷಿ ನುಡಿಯುವುದು ಬೇರಲ್ಲ, ಬಳಕೆ: ಬಡಿಸುವವನು ಬಾಗುತ್ತಾನೆ, ಉಣ್ಣುವವನು ಋಣಿಯಾಗುವುದಿಲ್ಲ. ಪದವನ್ನು ಪೂಜಾವಿಧಿಗೆ ಎತ್ತಿಕೊಳ್ಳಬೇಕೆಂದು ನಾವು ಸೂಚಿಸುತ್ತಿಲ್ಲ. ಶರಣರ ಪರಂಪರೆಯಲ್ಲಿ ಅದಕ್ಕೆ ಗುರು, ಲಿಂಗ, ಜಂಗಮಗಳ ಸಂಬಂಧವಿದೆ. ಬೇರೆಯವರ ಹಿತ್ತಿಲಿನ ಹೂವನ್ನು ಕೇಳದೆ ಕೊಯ್ಯುವ ಅಭ್ಯಾಸ ನಮಗೆ ಬೇಡ. ಆರಾಧನೆಯಲ್ಲಿ ‘ಪ್ರಭು’ ಇರಲಿ. ಪ್ರಬೋಧನೆಯಲ್ಲಿ ಆ ಪದವನ್ನು ಆಂಗ್ಲದ ರೊಟ್ಟಿಯಿಂದ ವಿವರಿಸುವುದನ್ನು ಬಿಟ್ಟು, ನಮ್ಮ ಜನ ಕಂಡಿರುವ ದಾಸೋಹದ ಪಂಕ್ತಿಯನ್ನು ತೋರಿಸಿ ವಿವರಿಸಬಹುದೆಂಬುದಷ್ಟೇ ನಮ್ಮ ಅಭಿಪ್ರಾಯ.

ಆ ವಿದ್ಯಾರ್ಥಿ ಈಗ ಗುರುಗಳಾಗಿದ್ದಾರೆ. ಕಳೆದ ತಪಸ್ಸುಕಾಲದಲ್ಲಿ ಅವರು ಅದೇ ಹಳ್ಳಿಯಲ್ಲಿ ಆದಿಕಾಂಡದ 47ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿಸಿದರಂತೆ. ಹೊಲ ಮಾರಿಕೊಂಡವರಿಗೆ ಯೋಸೇಫನು ಬಿತ್ತನೆ ಬೀಜ ಕೊಟ್ಟು, ಬೆಳೆಯ ಐದನೆಯ ಒಂದು ಪಾಲನ್ನು ಫರೋಹನಿಗೆ ಕೊಡಬೇಕೆಂದು ಕಟ್ಟಳೆ ಮಾಡಿದ ಭಾಗ ಬಂದಾಗ, ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಕೇಳುವಂತೆ ಅಂದರಂತೆ: “ಐದರಾಗ ಒಂದಾ? ನಮ್ಮ ಕೋರಿನಾಗ ಅರ್ಧ ಇತ್ತಪಾ.”